ಇಂಗ್ಲಿಷ್ ಒಳಗೆ ಕೂತಿರೋ ಐರಿಷ್

ಕೆಲವು ವರ್ಷದ ಹಿಂದೆ ಡಬ್ಲಿನ್ ಟೀಮ್ ಜೊತೆ ಕೆಲಸ ಮಾಡ್ತಿದ್ದಾಗ ಅಲ್ಲಿನವರೊಬ್ರು ಕಾಲ್‌ನಲ್ಲಿ "ಐ ಆಮ್ ಆಫ್ಟರ್ ಸೆಂಡಿಂಗ್ ಯು ದ ಫೈಲ್" ಅಂದ್ರು. ನಾನು ಓಕೆ ಓಕೆ ಅಂದು ಇಟ್ಟೆ. ಏನೋ ಫೈಲ್ ಕಳಿಸೋ ಪ್ರಯತ್ನದಲ್ಲಿ ಇದಾರೆ, ಅದರ ಹಿಂದೆ ಬಿದ್ದಿದಾರೆ, ಬರುತ್ತೆ ಅಂತ ನನ್ನಷ್ಟಕ್ಕೆ ಅರ್ಥ ಮಾಡ್ಕೊಂಡು ಎರಡು ಗಂಟೆ ಕಾದೆ, ಮಧ್ಯೆ ಎರಡು ರೌಂಡ್ ಕಾಫಿನೂ ಆಯ್ತು, ಆಮೇಲೆ ಮೆಲ್ಲಗೆ ಪಿಂಗ್ ಮಾಡಿ ಕೇಳಿದ್ರೆ ಆ ಮನುಷ್ಯನಿಗೆ ಆಶ್ಚರ್ಯ, "ಆಗ್ಲೇ ಹೇಳಿದ್ನಲ್ಲ ಕಳ್ಸಿದೀನಿ ಅಂತ". ಇನ್‌ಬಾಕ್ಸ್ ನೋಡಿದ್ರೆ ಫೈಲ್ ಕಾಲ್ ಮುಗಿಯೋ ಮುಂಚೆನೇ ಬಂದು ಕೂತಿತ್ತು.

ಅವರ ಇಂಗ್ಲಿಷಲ್ಲಿ "ಐ ಆಮ್ ಆಫ್ಟರ್ ಡೂಯಿಂಗ್" ಅಂದ್ರೆ "ಈಗ ತಾನೆ ಮಾಡಿದೆ" ಅಂತ. ಬೇರೆ ದೇಶದ ಹೆಚ್ಚಿನ ಇಂಗ್ಲಿಷ್‌ನವರಿಗೆ ಇದು ಸರಿಯಾಗಿ ಅರ್ಥ ಆಗಲ್ಲ, ಯಾಕಂದ್ರೆ ಇದು ಇಂಗ್ಲಿಷ್ ಗ್ರಾಮರೇ ಅಲ್ಲ. ಐರಿಷ್ ಭಾಷೇಲಿ "ತಾ ಮೇ ತರ್ ಏಶ್..." ಅಂತ ವಾಕ್ಯ ಶುರು ಮಾಡ್ತಾರೆ, ಪದಕ್ಕೆ ಪದ ಇಟ್ರೆ "ಇದೀನಿ ನಾನು, ಆದ್ಮೇಲೆ...", ಅಂದ್ರೆ ಆ ಕೆಲಸ ಮುಗಿಸಿದ ಕ್ಷಣದಲ್ಲಿ ನಾನು ನಿಂತಿದೀನಿ ಅನ್ನೋ ಹಾಗೆ. ಪದಗಳನ್ನೆಲ್ಲ ಬದಲಾಯಿಸಿ ಇಂಗ್ಲಿಷ್ ಹಾಕಿದ್ರು, ಮೂಳೆ ಮಾತ್ರ ಹಳೇದೇ ಉಳೀತು. ಆವತ್ತಿಂದ ನಂಗೆ ಇದರ ಹುಚ್ಚು ಹಿಡೀತು ಅನ್ಬೇಕು. ಐರ್ಲೆಂಡ್ ಇಂಗ್ಲಿಷಿಗೆ ಏನು ಕೊಟ್ಟಿದೆ ಅಂತ ಕೇಳಿದ್ರೆ ಎಲ್ರೂ ಸಾಮಾನ್ಯವಾಗಿ ಕವಿಗಳ ಹೆಸರು ಹೇಳ್ತಾರೆ, ಅದು ಸರಿನೇ, ಆದ್ರೆ ಆ ಕವಿತೆ, ಆ ಜೋಕು, ಆ ಗಾದೆ ಎಲ್ಲದರ ಕೆಳಗೂ ಇರೋದು ಈ ಮೂಳೆನೇ.

ಮೊದ್ಲು ಭಾಷೆ ಹೆಂಗೆ ಹೋಯ್ತು ಅಂತ ಸ್ವಲ್ಪ ನೋಡೋಣ. ಐರಿಷ್ ಅನ್ನೋದು ಇಂಗ್ಲಿಷಿನ ಒಂದು ಥರ ಅಂತ ನಮ್ಮಲ್ಲಿ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ, ಅದು ಕೆಲ್ಟಿಕ್ ಗುಂಪಿನ ಬೇರೆಯೇ ಭಾಷೆ, ವಾಕ್ಯದಲ್ಲಿ ಕ್ರಿಯಾಪದ ಮೊದ್ಲು ಬರುತ್ತೆ, ನಮ್ಮಲ್ಲಿ ಕೊನೆಗೆ ಬರೋದರ ಪೂರ್ತಿ ಉಲ್ಟಾ. 1366ರಲ್ಲಿ ಕಿಲ್ಕೆನಿ ಅನ್ನೋ ಊರಲ್ಲಿ ಒಂದು ಕಾನೂನು ಮಾಡಿದ್ರು, ಐರ್ಲೆಂಡಿಗೆ ಬಂದು ನೆಲೆಸಿದ ಇಂಗ್ಲಿಷರು ಐರಿಷ್ ಮಾತಾಡಬಾರದು ಅಂತ. ಅಂದ್ರೆ ಆ ಕಾಲಕ್ಕೆ ಆಳೋಕೆ ಬಂದವರೇ ಅಲ್ಲಿನ ಭಾಷೆಗೆ ಜಾರ್ತಿದ್ರು. ಆಮೇಲೆ ಗಾಳಿ ತಿರುಗ್ತು, ಜಮೀನು ಹೋಯ್ತು, ಕೋರ್ಟು ಕಚೇರಿ ಎಲ್ಲ ಇಂಗ್ಲಿಷ್ ಆಯ್ತು, 1831ರಿಂದ ಸರ್ಕಾರಿ ಶಾಲೆಗಳು ಬಂದ್ವು, ಅಲ್ಲೂ ಇಂಗ್ಲಿಷೇ. ಮಗುವಿನ ಕುತ್ತಿಗೆಗೆ ಒಂದು ಕೋಲು ಕಟ್ತಿದ್ರಂತೆ, ಬಾಟಾ ಸ್ಕೋರ್ ಅಂತ ಅದರ ಹೆಸರು, ಮಗು ಒಂದು ಐರಿಷ್ ಪದ ಆಡಿದ್ರೆ ಅದರಲ್ಲಿ ಒಂದು ಗೀರು, ಸಂಜೆ ಗೀರು ಎಣಿಸಿ ಅಷ್ಟು ಏಟು. ಬೇಜಾರು ಅಂದ್ರೆ ಎಷ್ಟೋ ಮನೇಲಿ ಅಪ್ಪ ಅಮ್ಮನೇ ಇದಕ್ಕೆ ಸಾಥ್ ಕೊಡ್ತಿದ್ರು, ಯಾಕಂದ್ರೆ ಹೊಟ್ಟೆಪಾಡಿನ ಭಾಷೆ ಇಂಗ್ಲಿಷೇ ಅಂತ ಅವರಿಗೂ ಗೊತ್ತಾಗಿತ್ತು. ಡೇನಿಯಲ್ ಓಕಾನಲ್ ಅಂತ ಆ ಕಾಲದ ದೊಡ್ಡ ಜನನಾಯಕ, ಸ್ವತಃ ಐರಿಷ್ ಮಾತಾಡ್ತಾ ಬೆಳೆದವನು, ಅವನೇ ಈ ಭಾಷೆ ಬಳಕೆ ತಪ್ಪಿಹೋದ್ರೆ ನಂಗೇನೂ ದುಃಖ ಇಲ್ಲ ಅನ್ನೋ ಅರ್ಥದಲ್ಲಿ ಹೇಳಿಬಿಟ್ಟ.

ಅದರ ಮೇಲೆ 1845ರಲ್ಲಿ ಆಲೂಗಡ್ಡೆಗೆ ರೋಗ ಬಂತು. 1852ರ ಹೊತ್ತಿಗೆ ಸುಮಾರು 10 ಲಕ್ಷ ಜನ ಸತ್ರು, ಇನ್ನೊಂದು 10 ಲಕ್ಷ ಜನ ಹಡಗು ಹತ್ತಿದ್ರು. ಬರಗಾಲ ಹೆಚ್ಚಾಗಿ ತಿಂದಿದ್ದು ಪಶ್ಚಿಮದ ಬಡವರನ್ನ, ಐರಿಷ್ ಹೆಚ್ಚು ಉಳಿದಿದ್ದೂ ಅಲ್ಲೇ. ಈಗ 2022ರ ಜನಗಣತಿ ಪ್ರಕಾರ ಶಾಲೆ ಬಿಟ್ಟು ಹೊರಗೆ ದಿನಾ ಐರಿಷ್ ಮಾತಾಡೋರು ಸುಮಾರು 72 ಸಾವಿರ. ಸಂವಿಧಾನದಲ್ಲಿ ಮಾತ್ರ ಅದೇ ಮೊದಲನೇ ಅಧಿಕೃತ ಭಾಷೆ.

ಈಗ ವಿಷಯ ಏನಂದ್ರೆ, ಒಂದೆರಡು ತಲೆಮಾರಲ್ಲಿ ಒಂದಿಡೀ ದೇಶ ಭಾಷೆ ಬದಲಾಯಿಸಿದಾಗ ಆ ಜನ ಇಂಗ್ಲಿಷ್ ಕಲಿಯೋದು ಇಂಗ್ಲೆಂಡಿನವರಿಂದ ಅಲ್ಲ, ಅರ್ಧಂಬರ್ಧ ಇಂಗ್ಲಿಷ್ ಕಲಿತ ತಮ್ಮವರಿಂದಲೇ. ಹಾಗಾಗಿ ಐರಿಷಿನ ಯೋಚನಾ ಕ್ರಮ ಪೂರ್ತಿ ಒಳಗೆ ಬಂತು. ಇದು ಕನ್ನಡದವರಿಗೆ ಇಂಗ್ಲಿಷರಿಗಿಂತ ಬೇಗ ಅರ್ಥ ಆಗುತ್ತೆ, ನಿಜವಾಗ್ಲೂ. ಇಂಗ್ಲಿಷಲ್ಲಿ "ಐ ಹ್ಯಾವ್ ಎ ಬುಕ್" ಅಂತ ಪುಸ್ತಕದ ಯಜಮಾನ ಆಗಿ ನಿಲ್ತಾರೆ, ಐರಿಷಲ್ಲಿ ಹ್ಯಾವ್ ಅನ್ನೋ ಕ್ರಿಯಾಪದವೇ ಇಲ್ಲ, "ತಾ ಲ್ಯೌರ್ ಅಗಮ್" ಅಂತಾರೆ, ನನ್ನ ಹತ್ರ ಪುಸ್ತಕ ಇದೆ. ನಾವು ಹೇಳೋ ಹಾಗೇನೇ! ಬೇಜಾರಾಯ್ತು, ಕ್ಷಮಿಸಿ ಅನ್ನೋಕೆ "ತಾ ಬ್ರೋನ್ ಒರಮ್", ದುಃಖ ನನ್ನ ಮೇಲಿದೆ. ಹಸಿವು, ಬಾಯಾರಿಕೆ, ನಾಚಿಕೆ, ಸಂತೋಷ ಎಲ್ಲ ಹೊರಗಿಂದ ಬಂದು ಮನುಷ್ಯನ ಮೇಲೆ ಕೂರುತ್ವೆ. ನಾವು "ನಂಗೆ ಹಸಿವಾಗಿದೆ", "ನಂಗೆ ಜ್ವರ ಬಂದಿದೆ" ಅಂತೀವಲ್ಲ, ಅಲ್ಲೂ ನಾನು ಏನೂ ಮಾಡ್ತಿಲ್ಲ, ಹಸಿವು ಜ್ವರ ತಾವಾಗೇ ಬರ್ತವೆ, ಹೋಗ್ತವೆ. ಅದಕ್ಕೇ ಐರ್ಲೆಂಡಿನ ಇಂಗ್ಲಿಷಲ್ಲಿ "ದೇರ್ ಈಸ್ ಎ ಥರ್ಸ್ಟ್ ಆನ್ ಮಿ" ಅನ್ನೋ ಥರದ ಮಾತು ಕೇಳ್ತೀವಿ, "ದ ಕೌ ಡೈಡ್ ಆನ್ ಮಿ" ಅಂದ್ರೆ ಹಸು ನನ್ನ ಮೇಲೆ ಬಿದ್ದು ಸತ್ತಿತು ಅಂತಲ್ಲ, ಸತ್ತು ನಂಗೆ ನಷ್ಟ ಮಾಡ್ತು ಅಂತ.

ಇನ್ನೊಂದು ಮಜಾ, ಐರಿಷಲ್ಲಿ ಎಸ್, ನೋ ಅನ್ನೋಕೆ ಪದಗಳಿಲ್ಲ. ಬರ್ತೀಯಾ ಅಂದ್ರೆ ಬರ್ತೀನಿ ಅನ್ಬೇಕು, ಇದೆಯಾ ಅಂದ್ರೆ ಇದೆ ಅನ್ಬೇಕು, ಕ್ರಿಯಾಪದಾನೇ ತಿರುಗಿ ಕೊಡ್ಬೇಕು. ನಮ್ಮಲ್ಲಿ ಹೌದು ಇದೆ, ಆದ್ರೆ "ಊಟ ಆಯ್ತಾ" ಅಂದ್ರೆ ಯಾರಾದ್ರೂ "ಹೌದು" ಅಂತಾರಾ? "ಆಯ್ತು" ಅಂತೀವಿ. ಐರ್ಲೆಂಡಿನವರು ಇಂಗ್ಲಿಷಲ್ಲೂ ಹಂಗೇ, "ಆರ್ ಯು ಕಮಿಂಗ್" ಅಂದ್ರೆ "ಐ ಆಮ್". ಹೊರಗಿನವರಿಗೆ ಇದು ಏನೋ ಕಾವ್ಯಾತ್ಮಕ ಗತ್ತು ಅನ್ಸುತ್ತೆ, ಪಾಪ ಅವರು ಮಾಡ್ತಿರೋದು ಅಜ್ಜಿಯ ವ್ಯಾಕರಣ. ಅದೇ ಥರ "ಇಟ್ಸ್ ಯೆಸ್ಟರ್‌ಡೇ ಹಿ ಕೇಮ್", ಕನ್ನಡಕ್ಕೆ ಹಾಕಿ ನೋಡಿ, "ನಿನ್ನೆ ಅವ್ನು ಬಂದಿದ್ದು". ಒತ್ತು ಕೊಡೋಕೆ ಅವರು ದನಿ ಎತ್ತಲ್ಲ, ಪದವನ್ನ ಎತ್ತಿ ಮುಂದೆ ಇಡ್ತಾರೆ.

ನಮ್ಮ ಬೆಂಗಳೂರಲ್ಲೂ ಇದೇ ಕೆಲಸ ನಡೀತಿದೆ, "ಸಿಂಪ್ಲಿ ಐ ಕೇಮ್" ಅಂದ್ರೆ "ಸುಮ್ನೆ ಬಂದೆ". ಆದ್ರೆ ನಮ್ಮದನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲಿ ತಪ್ಪು ಅಂತ ತಿದ್ದುತಾರೆ, ಅವರದಕ್ಕೆ ನೊಬೆಲ್ ಬಂತು, ನಾಲ್ಕು ಸಲ. ಯೇಟ್ಸ್ 1923, ಶಾ 1925, ಬೆಕೆಟ್ 1969, ಹೀನಿ 1995. (ಬೆಕೆಟ್ ಅರ್ಧ ಜೀವನ ಫ್ರೆಂಚಲ್ಲಿ ಬರೆದ, ಅದು ಬೇರೆ ಮಾತು.)

ಪದಗಳ ವಿಷಯಕ್ಕೆ ಬಂದ್ರೆ ಲೆಕ್ಕದಲ್ಲಿ ಅಂಥಾ ದೊಡ್ಡ ಸಂಖ್ಯೆ ಏನಿಲ್ಲ, ಆದ್ರೆ ಒಂದೊಂದೂ ರುಚಿಯಾದವು. ವಿಸ್ಕಿ ಅನ್ನೋದು "ಇಷ್ಕ ಬ್ಯಾಹ", ಜೀವಜಲ ಅಂತ, ಅದರಲ್ಲಿ ಜೀವ ಬಿಟ್ಟೋಗಿ ಜಲ ಮಾತ್ರ ಇಂಗ್ಲಿಷಿಗೆ ಬಂತು. ನಮ್ಮಲ್ಲಿ ತೀರ್ಥ ತಗೊಂಡ ಅಂತ ತಮಾಷೆ ಮಾಡ್ತಾರಲ್ಲ, ಅವರು ಅಧಿಕೃತವಾಗೇ ಹಂಗೆ ಹೆಸರಿಟ್ಟಿದಾರೆ. ಗಲೋರ್ ಅಂದ್ರೆ ಬೇಕಾದಷ್ಟು, "ಗೊ ಲ್ಯೋರ್" ಇಂದ ಬಂದಿದ್ದು, ಆಮೇಲೆ ಗಲೋರ್ ಇಂಗ್ಲಿಷಲ್ಲೂ ನಾಮಪದದ ಹಿಂದೆನೇ ಬರುತ್ತೆ ಗಮನಿಸಿ, ಬೇರೆ ವಿಶೇಷಣಗಳ ಥರ ಮುಂದೆ ಬರಲ್ಲ, ಅದೂ ತವರಿನ ಅಭ್ಯಾಸ. ಗಾಜು ಚೂರುಚೂರಾಯ್ತು ಅನ್ನೋಕೆ ಸ್ಮಿದರೀನ್ಸ್. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷಕ್ಕೆ ಟೋರಿ ಅಂತಾರಲ್ಲ, ಅದು ಐರಿಷಿನ "ತೋರೀ", ಅಂದ್ರೆ 17ನೇ ಶತಮಾನದಲ್ಲಿ ಜಮೀನು ಕಳ್ಕೊಂಡು ಕಾಡು ಸೇರಿ ದರೋಡೆ ಮಾಡ್ತಿದ್ದವರು. ಎದುರಾಳಿಗಳು ಬೈಗುಳವಾಗಿ ಅಂಟಿಸಿದ್ದು, ಇವತ್ತಿಗೂ ಆ ಪಕ್ಷದವರು ಅದನ್ನ ಹೆಮ್ಮೆಯಿಂದ ಹೊತ್ಕೊಂಡಿದಾರೆ. ಇನ್ನು ಕ್ರಾಕ್ ಅಂತ ಒಂದು ಪದ ಇದೆ, ಮೋಜು, ಹರಟೆ ಅಂತ ಅರ್ಥ, ಪಬ್ಬುಗಳ ಬೋರ್ಡ್ ಮೇಲೆಲ್ಲ ಐರಿಷ್ ಸ್ಪೆಲ್ಲಿಂಗಲ್ಲಿ ಬರೆದಿರ್ತಾರೆ, ತಮಾಷೆ ಅಂದ್ರೆ ಅದು ಮೂಲತಃ ಸ್ಕಾಟ್ಲೆಂಡ್, ಉತ್ತರ ಇಂಗ್ಲೆಂಡ್ ಕಡೆಯ ಪದ, ಐರ್ಲೆಂಡಿಗೆ ಬಂದು ವೇಷ ಬದಲಾಯಿಸಿ ವಾಪಸ್ ಹೋಗಿದೆ.

ಆದ್ರೆ ನಂಗೆ ಇಷ್ಟ ಬಾಯ್ಕಾಟ್ ಕಥೆ, ಕನ್ನಡ ನ್ಯೂಸ್ ಚಾನೆಲ್‌ಗಳಲ್ಲಿ ದಿನಕ್ಕೊಂದ್ಸಲನಾದ್ರೂ ಬರೋ ಪದ ಇದು. ಬಾಯ್ಕಾಟ್ ಅನ್ನೋದು ಒಬ್ಬ ಮನುಷ್ಯನ ಹೆಸರು, ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್, ಇಂಗ್ಲಿಷವನು, ಮೇಯೊ ಜಿಲ್ಲೆಯಲ್ಲಿ ಒಬ್ಬ ಜಮೀನ್ದಾರನ ಏಜೆಂಟ್. 1880ರಲ್ಲಿ ಬೆಳೆ ಕೈಕೊಟ್ಟಾಗ ಗೇಣಿದಾರರು ಗೇಣಿ ಶೇಕಡ 25 ಇಳಿಸಿ ಅಂದ್ರು, ಅತ್ತಿಂದ 10 ಮಾತ್ರ ಅಂದ್ರು, ಕೊಡದವರನ್ನ ಒಕ್ಕಲೆಬ್ಬಿಸೋಕೆ ಈತ ಹೊರಟ. ಊರಿನವರು ಇವನನ್ನ ಹೊಡೀಲಿಲ್ಲ, ಒಂಟಿಯಾಗಿ ಬಿಟ್ಬಿಟ್ರು. ಕೂಲಿ ಆಳು ಬರ್ಲಿಲ್ಲ, ಅಂಗಡಿಯವನು ಸಾಮಾನು ಕೊಡ್ಲಿಲ್ಲ, ಕಾಗದ ತರೋ ಹುಡುಗನೂ ಬರೋದು ನಿಲ್ಲಿಸಿದ. ಗದ್ದೆಯಲ್ಲಿದ್ದ ಬೆಳೆ ತೆಗೆಯೋಕೆ ಬೇರೆ ಜಿಲ್ಲೆಯಿಂದ 50 ಜನ ಬಂದ್ರು, ಅವರ ಕಾವಲಿಗೆ ಸುಮಾರು ಸಾವಿರ ಸೈನಿಕರು, ಪೊಲೀಸರು! ಒಂದೊಂದು ಟರ್ನಿಪ್ ಗಡ್ಡೆಗೂ ಸರ್ಕಾರಕ್ಕೆ ಒಂದು ಶಿಲ್ಲಿಂಗ್ ಖರ್ಚು ಬಿತ್ತು ಅಂತ ಪಾರ್ನೆಲ್ ಆಡ್ಕೊಂಡ, ಆ ಕಾಲದ ಐರಿಷ್ ನಾಯಕ. ಪದ ಹುಟ್ಟಿದ್ದು ಹೇಗೆ ಅಂದ್ರೆ, ಜೇಮ್ಸ್ ರೆಡ್‌ಪಾತ್ ಅನ್ನೋ ಅಮೆರಿಕನ್ ಪತ್ರಕರ್ತ ಅಲ್ಲಿನ ಪಾದ್ರಿ ಜಾನ್ ಓಮ್ಯಾಲಿ ಜೊತೆ ಊಟಕ್ಕೆ ಕೂತು ಚಿಂತೆ ಮಾಡ್ತಿದ್ದನಂತೆ, ಇದಕ್ಕೆ ಏನಂತ ಬರೀಲಿ, ಬಹಿಷ್ಕಾರಕ್ಕೆ ಇಂಗ್ಲಿಷಲ್ಲಿರೋ ಆಸ್ಟ್ರಸೈಸ್ ಅನ್ನೋ ಪದ ಹಾಕಿದ್ರೆ ರೈತರಿಗೆ ಅರ್ಥ ಆಗಲ್ಲವಲ್ಲ ಅಂತ. ಪಾದ್ರಿ ತಲೆ ಕೆರ್ಕೊಂಡು, "ಬಾಯ್ಕಾಟ್ ಮಾಡೋದು ಅಂದ್ಬಿಟ್ರೆ ಹೇಗೆ?" ಅಂದ. ಕೆಲವೇ ತಿಂಗಳಲ್ಲಿ ಯುರೋಪಿನ ಪೇಪರುಗಳಲ್ಲೆಲ್ಲ ಬಂದೋಯ್ತು. ಬಲಶಾಲಿಯಾದ ಶತ್ರುವಿನ ಹೆಸರನ್ನೇ ಕ್ರಿಯಾಪದ ಮಾಡಿ ಅವನ ತಲೆ ಮೇಲೇ ಹಾಕಿದ ಐಡಿಯಾ ಇದು, ನನ್ನ ಪ್ರಕಾರ ಐರಿಷ್ ಹಾಸ್ಯ ಅಂದ್ರೆ ಇದೇ.

ಗಾದೆಗೆ ಐರಿಷಲ್ಲಿ "ಶಾನ್‌ಒಕಲ್" ಅಂತಾರೆ, ಹಳೇ ಮಾತು ಅಂತ ಅಷ್ಟೆ. ಕೆಲವು ನೇರ ನಮ್ಮ ಜಗಲಿಯಿಂದ ಎದ್ದು ಹೋದ ಹಾಗಿವೆ. ಹಸಿವು ಒಳ್ಳೇ ಗೊಜ್ಜು ಅಂತಾರೆ ಅವರು, ನಾವು ಹಸಿವು ರುಚಿ ಅರಿಯದು ಅಂತೀವಿ. ನಾವು ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನೋ ಕಡೆ ಅವರು "ಹುಟ್ಟುಗುಣ ಬೆಕ್ಕಿನ ಕಣ್ಣಿಂದ ಹೊರಗೆ ಇಣುಕುತ್ತೆ" ಅಂತಾರೆ, ಯೋಚನೆ ಮಾಡಿ, ಪಂಡಿತನ ಮಡಿಲಲ್ಲಿ ಕೂತ ಬೆಕ್ಕು ಇಲಿ ಕಂಡ ಕ್ಷಣ. ಅವರ ಅತಿ ಫೇಮಸ್ ಗಾದೆ "ನೀಲ್ ಏನ್ ಟಿನ್‌ಟಾನ್ ಮರ್ ದೊ ಹಿನ್‌ಟಾನ್ ಫೇನ್", ನಿನ್ನ ಮನೆ ಒಲೆಯಂಥ ಒಲೆ ಇನ್ನೊಂದಿಲ್ಲ ಅಂತ, ಎಷ್ಟೋ ಮನೆಗಳಲ್ಲಿ ಚೌಕಟ್ಟು ಹಾಕಿ ನೇತು ಹಾಕಿರ್ತಾರೆ. ಅದರ ಪಕ್ಕದಲ್ಲೇ ಅದರ ಅಣಕವೂ ಅಷ್ಟೇ ಫೇಮಸ್, "ನೀಲ್ ಏನ್ ತೋನ್ ಟಿನ್ ಮರ್ ದೊ ಹೋನ್ ಟಿನ್ ಫೇನ್", ನಿನ್ನ ನೋಯೋ ತಿಕದಂಥ ನೋಯೋ ತಿಕ ಇನ್ನೊಂದಿಲ್ಲ. ಸದ್ದು ಹೆಂಗೆ ಒಂದೇ ಥರ ಕೂತಿದೆ ನೋಡಿ.

ಇಂಗ್ಲಿಷಿಗೆ ಬಂದು ಎಡವಟ್ಟಾದ ಒಂದು ಹಾರೈಕೆ ಕೂಡ ಇದೆ. "ಮೇ ದ ರೋಡ್ ರೈಸ್ ಟು ಮೀಟ್ ಯು" ಅಂತ ಮಗ್ ಮೇಲೆ, ಟವೆಲ್ ಮೇಲೆ ಎಲ್ಲ ಪ್ರಿಂಟ್ ಆಗುತ್ತಲ್ಲ, ರಸ್ತೆ ಎದ್ದು ಬಂದು ನಿನ್ನ ಸಂಧಿಸಲಿ ಅಂತ. ಮೂಲ "ಗೊ ನೈರೀ ಅನ್ ಬೋಹರ್ ಲ್ಯಾತ್", ಆ ಕ್ರಿಯಾಪದಕ್ಕೆ ಏಳು ಅನ್ನೋ ಅರ್ಥವೂ ಇದೆ, ಗೆಲ್ಲು, ಸುಸೂತ್ರ ಆಗು ಅನ್ನೋ ಅರ್ಥವೂ ಇದೆ. ಅವರು ಹೇಳ್ತಿದ್ದಿದ್ದು ಪ್ರಯಾಣ ಸುಖವಾಗಿರಲಿ ಅಂತ ಮಾತ್ರ. ಯಾರೋ ಡಿಕ್ಷನರಿ ಹಿಡ್ಕೊಂಡು ಅನುವಾದ ಮಾಡಿ ರಸ್ತೆನೇ ಎಬ್ಬಿಸಿದ್ರು, ಈಗ ಆ ತಪ್ಪೇ ಇಂಗ್ಲಿಷಲ್ಲಿ ಕಾವ್ಯ. ಶಾಪಗಳೂ ಕಡಿಮೆ ಇಲ್ಲ, ನನ್ನ ಫೇವರಿಟ್: "ಬೆಕ್ಕು ನಿನ್ನ ತಿನ್ನಲಿ, ಆ ಬೆಕ್ಕನ್ನ ಸೈತಾನ ತಿನ್ನಲಿ". ಶಾಪ ಹಾಕಿದ ಮೇಲೆ ಬೆಕ್ಕಿಗೂ ಒಂದು ವ್ಯವಸ್ಥೆ ಮಾಡ್ತಾರೆ.

9ನೇ ಶತಮಾನದ ಹೊತ್ತಿನ ತ್ರಿಕಗಳ ಸಂಗ್ರಹ ಒಂದಿದೆ, ಲೋಕವನ್ನ ಮೂರು ಮೂರಾಗಿ ಕಟ್ಟಿ ಹೇಳೋದು. ಅದರಲ್ಲೊಂದು ಹೀಗಿದೆ: ಲೋಕವನ್ನ ಎತ್ತಿಹಿಡಿದಿರೋ ಮೂರು ತೆಳ್ಳನೆಯವು, ಹಸುವಿನ ಕೆಚ್ಚಲಿಂದ ಪಾತ್ರೆಗೆ ಬೀಳೋ ಹಾಲಿನ ಎಳೆ, ನೆಲದಿಂದ ಮೇಲೆ ಬರೋ ಪೈರಿನ ಎಸಳು, ಜಾಣ ಹೆಂಗಸಿನ ಕೈ ಮೇಲೆ ಓಡೋ ದಾರ. ಸರ್ವಜ್ಞ ಓದಿ ಬೆಳೆದ ನಮಗೆ ಮೂರಲ್ಲಿ ಮಾತು ಕಟ್ಟೋದು ಹೊಸದಲ್ಲ, ಆದ್ರೂ ಹಾಲು ಕರೆಯೋ ಆ ಸಣ್ಣ ಧಾರೆಯನ್ನ ಲೋಕದ ಕಂಬ ಮಾಡಿರೋದು ಓದಿ ನಾನು ಒಂದು ನಿಮಿಷ ಸುಮ್ನಾದೆ.

ಹಾಸ್ಯದಲ್ಲಿ "ಐರಿಷ್ ಬುಲ್" ಅಂತ ಒಂದು ಪ್ರಕಾರನೇ ಇದೆ. ಹೋರಿ ಅಲ್ಲ, ತನ್ನನ್ನ ತಾನೇ ಕಡಿಯೋ ಮಾತು. 18ನೇ ಶತಮಾನದ ಐರಿಷ್ ಪಾರ್ಲಿಮೆಂಟಲ್ಲಿ ಸರ್ ಬಾಯ್ಲ್ ರೋಚ್ ಅಂತ ಒಬ್ಬ ಇದ್ದ, "ಮುಂದಿನ ಪೀಳಿಗೆಗೆ ನಾವ್ಯಾಕೆ ಕಷ್ಟಪಡಬೇಕು, ಮುಂದಿನ ಪೀಳಿಗೆ ನಮಗೇನು ಮಾಡಿದೆ?" ಅಂದ ಅಂತ ಅವನ ಹೆಸರಲ್ಲಿ ಹೇಳ್ತಾರೆ. ಇಲಿಯ ವಾಸನೆ ಬರ್ತಿದೆ, ಅದು ಗಾಳೀಲಿ ತೇಲ್ತಿರೋದು ಕಾಣ್ತಿದೆ, ಮೊಗ್ಗಲ್ಲೇ ಚಿವುಟಿಬಿಡ್ತೀನಿ ಅಂದಿದ್ದೂ ಅವನೇ ಅಂತೆ. ಇಂಗ್ಲಿಷರು ಇದನ್ನೆಲ್ಲ ಇಟ್ಕೊಂಡು ಐರಿಷರು ದಡ್ಡರು ಅಂತ ಜೋಕು ಕಟ್ಟಿದ್ರು, ನಮ್ಮಲ್ಲಿ ಸರ್ದಾರ್ ಜೋಕ್ ಇದ್ದ ಹಾಗೆ, 19ನೇ ಶತಮಾನದ ಪಂಚ್ ಪತ್ರಿಕೆಯಂತೂ ಅವರನ್ನ ಕೋತಿ ಮುಖದಲ್ಲಿ ಬರೀತಿತ್ತು. ಮರಿಯಾ ಎಡ್ಜ್‌ವರ್ತ್ ಮತ್ತೆ ಅವರಪ್ಪ ಸೇರಿ 1802ರಲ್ಲೇ ಇದಕ್ಕೊಂದು ಪುಸ್ತಕ ಬರೆದು, ಇಂಥ ಬುಲ್‌ಗಳು ಎಲ್ಲಾ ಭಾಷೆಯಲ್ಲೂ ಇವೆ, ಇಂಗ್ಲಿಷರೂ ಹೇಳ್ತಾರೆ ಅಂತ ತಿರುಗಿಸಿ ಕೊಟ್ರು. ಎರಡು ಭಾಷೆಯ ನಡುವೆ ಬದುಕೋನಿಗೆ ಮಾತು ಒಡೆಯೋ ಜಾಗ ಯಾವುದು ಅಂತ ಚೆನ್ನಾಗಿ ಗೊತ್ತಿರುತ್ತೆ, ಅಲ್ಲೇ ಅವನು ಆಟ ಆಡ್ತಾನೆ ಅಂತ ನಂಗನ್ಸುತ್ತೆ. ಡಬ್ಲಿನ್ನಲ್ಲಿ ಹುಟ್ಟಿದ ಶೆರಿಡನ್ 1775ರಲ್ಲಿ ಒಂದು ನಾಟಕ ಬರೆದ, ಅದರಲ್ಲಿ ಮಿಸೆಸ್ ಮ್ಯಾಲಪ್ರಾಪ್ ಅನ್ನೋ ಹೆಂಗಸು ದೊಡ್ಡ ದೊಡ್ಡ ಪದಗಳನ್ನ ತಪ್ಪು ತಪ್ಪಾಗಿ ಬಿಡ್ತಾಳೆ, ನೈಲ್ ನದಿ ದಡದ ಅಲಿಗೇಟರ್ ಅನ್ನೋ ಬದ್ಲು ಅಲೆಗರಿ ಅಂತಾಳೆ, ಮೊಸಳೆ ಹೋಗಿ ರೂಪಕ ಆಯ್ತು. ಅವಳ ಹೆಸರೇ ಆ ಥರದ ತಪ್ಪಿಗೆ ಇಂಗ್ಲಿಷ್ ಪದ ಆಗಿ ನಿಂತಿದೆ.

ಇನ್ನೊಂದು ಬಗೆ ತಣ್ಣಗಿನ ಮುಖದ ಹಾಸ್ಯ. ಡಬ್ಲಿನ್ನಿನ ಚರ್ಚಲ್ಲಿ ಡೀನ್ ಆಗಿದ್ದ ಸ್ವಿಫ್ಟ್ 1729ರಲ್ಲಿ ಒಂದು ಕಿರುಹೊತ್ತಗೆ ಬರೆದು, ಐರ್ಲೆಂಡಿನ ಬಡತನಕ್ಕೆ ಪರಿಹಾರ ಸೂಚಿಸಿದ: ಬಡವರ ಮಕ್ಕಳನ್ನ ಒಂದು ವರ್ಷ ಸಾಕಿ ಶ್ರೀಮಂತರ ಊಟಕ್ಕೆ ಮಾರಿಬಿಡಿ. ಎಷ್ಟು ಮಕ್ಕಳು, ಎಷ್ಟು ಖರ್ಚು, ಹೇಗೆ ಬೇಯಿಸಬೇಕು, ಎಲ್ಲ ಗುಮಾಸ್ತನ ಲೆಕ್ಕದ ಹಾಗೆ ಬರೆದಿದಾನೆ. ಕೋಪ ಎಲ್ಲೂ ದನಿ ಎತ್ತಲ್ಲ. ಎರಡನೇ ಮಹಾಯುದ್ಧಕ್ಕೆ ಇಡೀ ಜಗತ್ತು ಮಹಾಯುದ್ಧ ಅಂದ್ರೆ ಐರ್ಲೆಂಡಿನವರು "ದಿ ಎಮರ್ಜೆನ್ಸಿ" ಅಂದ್ರು. ಅದೇ ಸ್ವಭಾವ.

ಲಿಮರಿಕ್ ಅನ್ನೋ ಐದು ಸಾಲಿನ ತಮಾಷೆ ಪದ್ಯಕ್ಕೆ ಹೆಸರು ಕೊಟ್ಟಿದ್ದೂ ಐರ್ಲೆಂಡಿನ ಊರೇ, ಅದನ್ನ ಜನಪ್ರಿಯ ಮಾಡಿದ್ದು ಮಾತ್ರ ಇಂಗ್ಲಿಷಿನ ಎಡ್ವರ್ಡ್ ಲಿಯರ್, 1846ರಲ್ಲಿ. ಒಂದು ಎರಡು ಐದನೇ ಸಾಲಿಗೆ ಒಂದು ಪ್ರಾಸ, ಮೂರು ನಾಲ್ಕಕ್ಕೆ ಇನ್ನೊಂದು. ವಿವರಿಸೋದಕ್ಕಿಂತ ಒಂದು ಕಟ್ಟೋದೇ ಸುಲಭ, ನನ್ನದೇ, ಬೈಬೇಡಿ:

ಹಾಸನದಲ್ಲಿ ಇದ್ಲು ಒಬ್ಳು ಅಜ್ಜಿ,
ಮೂರ್ ಹೊತ್ತೂ ತಿಂತಿದ್ಲು ಮೆಣಸಿನ್ಕಾಯ್ ಬಜ್ಜಿ,
ಡಾಕ್ಟ್ರು ಬೇಡ ಅಂದ್ರು,
ಅವ್ರೇ ಎರಡು ತಿಂದ್ರು,
ಕೂತವ್ರೆ ಈಗ ಇಬ್ರೂ ಹೊಟ್ಟೆ ಉಜ್ಜಿ ಉಜ್ಜಿ!

ಕವಿತೆಗೆ ಬಂದ್ರೆ ಐರಿಷ್ ಪರಂಪರೆ ಇಂಗ್ಲಿಷಿಗಿಂತ ಹಿಂದುಳಿದಿದ್ದೇನಲ್ಲ, ಯುರೋಪಿನ ತುಂಬಾ ಹಳೇ ಕಾವ್ಯಗಳಲ್ಲಿ ಒಂದು. ಸ್ವಿಜರ್‌ಲ್ಯಾಂಡಿನ ಸೇಂಟ್ ಗಾಲ್‌ನಲ್ಲಿ ಒಂದು ಲ್ಯಾಟಿನ್ ವ್ಯಾಕರಣದ ಹಸ್ತಪ್ರತಿ ಇದೆ, 9ನೇ ಶತಮಾನದ್ದು. ಅದನ್ನ ನಕಲು ಮಾಡ್ತಿದ್ದ ಐರಿಷ್ ಸನ್ಯಾಸಿ ಯಾರೋ ಪುಟದ ಅಂಚಲ್ಲಿ ನಾಲ್ಕು ಸಾಲು ಗೀಚಿದಾನೆ: ಇವತ್ತು ರಾತ್ರಿ ಗಾಳಿ ಕ್ರೂರವಾಗಿದೆ, ಸಮುದ್ರದ ಬಿಳಿ ಕೂದಲು ಕೆದರ್ತಿದೆ, ಹಾಗಾಗಿ ವೈಕಿಂಗರು ಬರ್ತಾರೆ ಅನ್ನೋ ಭಯ ನಂಗಿಲ್ಲ. ಬಿರುಗಾಳಿಯೇ ಸಮಾಧಾನ! ಅದೇ ಕಾಲದ ಇನ್ನೊಬ್ಬ ಸನ್ಯಾಸಿ ತನ್ನ ಬಿಳಿ ಬೆಕ್ಕು ಪಂಗುರ್ ಬಾನ್ ಬಗ್ಗೆ ಬರೆದಿದಾನೆ, ಅದು ಇಲಿ ಹುಡುಕುತ್ತೆ, ನಾನು ಅರ್ಥ ಹುಡುಕ್ತೀನಿ, ಇಬ್ರಿಗೂ ನಮ್ಮ ನಮ್ಮ ಕಸುಬಲ್ಲಿ ಖುಷಿ ಅಂತ.

ಆ ಕಾಲದ ಆಸ್ಥಾನ ಕವಿ ಅಂದ್ರೆ ವರ್ಷಗಟ್ಟಲೆ ಓದಿ ಪಾಸಾದವನು, ರಾಜನ ಮೇಲೆ ಅಣಕ ಪದ್ಯ ಕಟ್ಟಿದ್ರೆ ರಾಜನ ಮುಖದಲ್ಲಿ ಬೊಕ್ಕೆ ಏಳುತ್ತೆ ಅಂತ ನಂಬಿಕೆ ಇತ್ತು. ಛಂದಸ್ಸು ವಿಪರೀತ ಕಟ್ಟುನಿಟ್ಟು. ಕನ್ನಡದ ದ್ವಿತೀಯಾಕ್ಷರ ಪ್ರಾಸ ಗೊತ್ತಿರೋರಿಗೆ ಇದರ ಕುತೂಹಲ ಹೆಚ್ಚು: ನಮ್ಮಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರ್ಬೇಕು, ಸ್ವರ ಏನಾದ್ರೂ ಇರಲಿ. ಐರಿಷಲ್ಲಿ ಸ್ವರ ಪೂರ್ತಿ ಹೊಂದಬೇಕು, ವ್ಯಂಜನ ಒಂದೇ ಆಗ್ಬೇಕಿಲ್ಲ, ಒಂದೇ ಬಳಗದ್ದಾಗಿದ್ರೆ ಸಾಕು, ಕ ತ ಪ ಒಂದು ಬಳಗ, ಗ ದ ಬ ಇನ್ನೊಂದು. ಜೊತೆಗೆ ಸಾಲಿನ ಮಧ್ಯದಲ್ಲೂ ಪ್ರಾಸ. 20ನೇ ಶತಮಾನದಲ್ಲಿ ಆಸ್ಟಿನ್ ಕ್ಲಾರ್ಕ್ ಥರದ ಕವಿಗಳು ಈ ಸ್ವರಗಳ ಮರುದನಿಯನ್ನ ಇಂಗ್ಲಿಷಲ್ಲಿ ಹಾಕಿ ನೋಡಿದ್ರು, ಕಿವಿಗೆ ಪ್ರಾಸ ಕೇಳಿಸದಿದ್ರೂ ಏನೋ ಗುನುಗುತ್ತೆ.

ಭಾಷೆ ಹೋದ್ರೆ ಸೆನ್ಸಾರ್‌ಗೂ ಕಾಣಲ್ಲ ಅನ್ನೋಕೆ ಒಂದು ನಿದರ್ಶನ ಇದೆ. ಬ್ರಾಯನ್ ಮೆರಿಮನ್ ಅನ್ನೋ ಕ್ಲೇರ್ ಜಿಲ್ಲೆಯ ಮೇಷ್ಟ್ರು 1780ರ ಸುಮಾರಿಗೆ ಐರಿಷಲ್ಲಿ ಸಾವಿರ ಸಾಲು ಮೀರಿದ ಪದ್ಯ ಬರೆದ, ಮಧ್ಯರಾತ್ರಿ ಒಂದು ಕೋರ್ಟು ಸೇರುತ್ತೆ, ಹೆಂಗಸರು ಐರ್ಲೆಂಡಿನ ಗಂಡಸರ ಮೇಲೆ ಕೇಸ್ ಹಾಕ್ತಾರೆ, ಮದುವೆ ಆಗಲ್ಲ, ಆದ್ರೂ ಉಪಯೋಗ ಇಲ್ಲ ಅಂತ. ಸಿಕ್ಕಾಪಟ್ಟೆ ಪೋಲಿ. ಫ್ರಾಂಕ್ ಓಕಾನರ್ ಇಂಗ್ಲಿಷಿಗೆ ಅನುವಾದ ಮಾಡಿದ್ರೆ 1946ರಲ್ಲಿ ಸರ್ಕಾರ ಅದನ್ನ ಬ್ಯಾನ್ ಮಾಡ್ತು. ಐರಿಷ್ ಮೂಲವನ್ನ ಮಾತ್ರ ಮುಟ್ಟಲೇ ಇಲ್ಲ, ಅದು ಅಂಗಡೀಲಿ ಆರಾಮಾಗಿ ಕೂತಿತ್ತು.

19ನೇ ಶತಮಾನದ ಕೊನೆಗೆ ಕೆಲವರು ಎಚ್ಚೆತ್ರು. ಡಗ್ಲಸ್ ಹೈಡ್ 1893ರಲ್ಲಿ ಐರಿಷ್ ಭಾಷೆ ಉಳಿಸೋ ಗೇಲಿಕ್ ಲೀಗ್ ಕಟ್ಟೋಕೆ ಮುಂದಾದ, ಅದೇ ವರ್ಷ ಕಾನಾಕ್ಟ್ ಸೀಮೆಯ ಪ್ರೇಮಗೀತೆಗಳನ್ನ ರೈತರ ಇಂಗ್ಲಿಷಲ್ಲೇ ಅನುವಾದ ಮಾಡಿದ, ಅಲ್ಲಿವರೆಗೆ ತಪ್ಪು ಇಂಗ್ಲಿಷ್ ಅನ್ನಿಸ್ಕೊಂಡಿದ್ದು ಅವತ್ತು ಸಾಹಿತ್ಯ ಆಯ್ತು. ಐರಿಷ್ ನಾಟಕಕಾರ ಜೆ. ಎಂ. ಸಿಂಗ್ ಇನ್ನೂ ಒಂದು ಹೆಜ್ಜೆ ಮುಂದೆ, ವಿಕ್ಲೋದ ಒಂದು ಹಳೇ ಮನೇಲಿ ತನ್ನ ರೂಮಿನ ನೆಲದ ಬಿರುಕಿಗೆ ಕಿವಿ ಕೊಟ್ಟು, ಕೆಳಗೆ ಅಡುಗೆಮನೇಲಿ ಕೆಲಸದ ಹುಡುಗಿಯರು ಆಡೋ ಮಾತು ಕೇಳಿಸ್ಕೊಂಡೇ ಸಂಭಾಷಣೆ ಕಲಿತೆ ಅಂತ ಅವನೇ ಬರ್ಕೊಂಡಿದಾನೆ. 1907ರಲ್ಲಿ ಡಬ್ಲಿನ್ನಿನ ಆಬಿ ಥಿಯೇಟರಲ್ಲಿ ಅವನ ನಾಟಕ ಆಡಿದಾಗ ಗಲಾಟೆ ಆಯ್ತು, ಕಾರಣಗಳಲ್ಲಿ ಒಂದು "ಶಿಫ್ಟ್" ಅನ್ನೋ ಪದ, ಹೆಂಗಸರ ಒಳ ಅಂಗಿ.

ಈ ಕವಿಗಳ ಗುಂಪಿಂದ ಒಂದು ದಾರಿ ನೇರ ನಮ್ಮ ಮೈಸೂರಿಗೇ ಬರುತ್ತೆ. ಯೇಟ್ಸ್ ಟಾಗೋರರ ಗೀತಾಂಜಲಿಗೆ 1912ರಲ್ಲಿ ಮುನ್ನುಡಿ ಬರೆದಿದ್ದು ಎಲ್ರಿಗೂ ಗೊತ್ತು. ಆ ಬಳಗದಲ್ಲೇ ಇದ್ದ ಜೇಮ್ಸ್ ಕಸಿನ್ಸ್ ಅನ್ನೋ ಬೆಲ್‌ಫಾಸ್ಟಿನ ಕವಿ 1915ರಲ್ಲಿ ಹೆಂಡತಿ ಮಾರ್ಗರೆಟ್ ಜೊತೆ ಭಾರತಕ್ಕೆ ಬಂದು ಇಲ್ಲೇ ಉಳಿದ್ರು. 1920ರ ದಶಕದಲ್ಲಿ ಅವರು ಮೈಸೂರಿಗೆ ಬಂದಾಗ ಒಬ್ಬ ಹುಡುಗ ತನ್ನ ಇಂಗ್ಲಿಷ್ ಕವಿತೆಗಳನ್ನ ತೋರಿಸೋಕೆ ಹೋದ, 1922ರಲ್ಲೇ ಒಂದು ಇಂಗ್ಲಿಷ್ ಸಂಕಲನ ಪ್ರಿಂಟ್ ಮಾಡ್ಸಿದ್ದ ಹುಡುಗ. ಕಸಿನ್ಸ್ ನೋಡಿ, ನಿನ್ನ ಭಾಷೇಲಿ ಬರಿ ಅಂದ್ರು. ಆ ಹುಡುಗ ಕುವೆಂಪು. ಬೆಲ್‌ಫಾಸ್ಟಿನ ಪ್ರಾಟೆಸ್ಟೆಂಟ್ ಮನೆಯಿಂದ ಬಂದ ಕಸಿನ್ಸ್‌ಗೆ ಐರಿಷ್ ಮನೆಮಾತೂ ಅಲ್ಲ, ಅವರು ಬರೀತಿದ್ದಿದ್ದು ಇಂಗ್ಲಿಷಲ್ಲೇ, ಆದ್ರೂ ಆ ಮಾತು ಬೇರೆ ಯಾರ ಬಾಯಿಂದ ಬಂದಿದ್ರೂ ಅಷ್ಟು ತೂಕ ಇರ್ತಿರ್ಲಿಲ್ಲ ಅನ್ಸುತ್ತೆ.

ಐರಿಷ್ ಲೇಖಕ ಜೇಮ್ಸ್ ಜಾಯ್ಸ್‌ನ 1916ರ ಕಾದಂಬರೀಲಿ ಒಂದು ಸೀನ್ ಇದೆ. ಕಾಲೇಜಲ್ಲಿ ಇಂಗ್ಲಿಷ್ ಪಾದ್ರಿಯೊಬ್ಬ ದೀಪಕ್ಕೆ ಎಣ್ಣೆ ಹಾಕೋ ಆಲಿಕೆಗೆ ಫನಲ್ ಅಂತಾನೆ, ವಿದ್ಯಾರ್ಥಿ ಸ್ಟೀಫನ್ ಟಂಡಿಶ್ ಅಂತಾನೆ. ಪಾದ್ರಿಗೆ ಆ ಪದವೇ ಗೊತ್ತಿಲ್ಲ, ಐರ್ಲೆಂಡಲ್ಲಿ ಹಂಗಂತಾರಾ ಅಂತ ಕೌತುಕ. ಸ್ಟೀಫನ್‌ಗೆ ಒಳಗೇ ಕುದಿಯುತ್ತೆ, ನಾವಾಡೋ ಭಾಷೆ ನನಗಿಂತ ಮೊದಲು ಇವನದು ಅಂತ. ಆಮೇಲೆ ಡಿಕ್ಷನರಿ ತೆಗೆದು ನೋಡಿದ್ರೆ ಟಂಡಿಶ್ ಅನ್ನೋದು ಅಪ್ಪಟ ಹಳೇ ಇಂಗ್ಲಿಷ್ ಪದ! ಇಂಗ್ಲಿಷರು ಮರೆತಿದ್ದನ್ನ ಐರಿಷರು ಇಟ್ಕೊಂಡಿದ್ರು.

ಅದೇ ಥರದ್ದು ಷೇಮಸ್ ಹೀನಿಗೂ ಆಯ್ತು. ಇಂಗ್ಲಿಷಿನ ಅತಿ ಹಳೇ ಮಹಾಕಾವ್ಯ ಬಿಯೊವುಲ್ಫ್, ಸಾವಿರ ವರ್ಷದ್ದು, ಅದನ್ನ ಹೊಸ ಇಂಗ್ಲಿಷಿಗೆ ತರೋಕೆ ಕೂತಾಗ ಡೆರಿ ಜಿಲ್ಲೆಯ ಈ ರೈತನ ಮಗನಿಗೆ ಮೂಲದಲ್ಲಿ "ಥೋಲಿಯನ್" ಅನ್ನೋ ಪದ ಸಿಕ್ತು, ಸಹಿಸು ಅಂತ ಅರ್ಥ. ಲಂಡನ್ನಲ್ಲಿ ಅದು ಸತ್ತು ಎಷ್ಟೋ ಕಾಲ ಆಗಿತ್ತು. ಹೀನಿಗೆ ತಟ್ಟಂತ ನೆನಪಾಗಿದ್ದು ಅವರ ಅತ್ತೆ, ಸಾವಾದ ಮನೆಯವರ ಬಗ್ಗೆ "ದೆ ವಿಲ್ ಜಸ್ಟ್ ಹ್ಯಾವ್ ಟು ಲರ್ನ್ ಟು ಥೋಲ್" ಅನ್ನೋರು. ನಮ್ಮ ಅಜ್ಜಿಯರು ಹೇಳ್ತಿದ್ದ ಹಾಗೆ, ತಾಳ್ಕೋಬೇಕು ಅಷ್ಟೆ. ತಾಳು, ಥೋಲ್, ಸದ್ದು ಹೋಲೋದು ಬರೀ ಕಾಕತಾಳೀಯ, ಸಂಬಂಧ ಕಟ್ಟೋಕೆ ಹೋಗ್ಬೇಡಿ, ಆದ್ರೆ ಓದಿದಾಗ ಮೈ ಜುಮ್ ಅಂತು.

ಆ ಕಾವ್ಯದ ಮೊದಲ ಪದ "ಹ್ವ್ಯಾಟ್". ಹಿಂದಿನ ಅನುವಾದಕರು ಅದಕ್ಕೆ "ಲೋ", "ಹಾರ್ಕ್" ಅಂತೆಲ್ಲ ಕಿರೀಟ ಇಟ್ಟಿದ್ರು, ಕೇಳಿರೈ ಕೇಳಿ ಅನ್ನೋ ಥರ. ಹೀನಿ ತನ್ನ ಅಪ್ಪನ ಕಡೆಯ ದೊಡ್ಡ ಗಂಟಲಿನ ನೆಂಟರನ್ನ ನೆನೆಸ್ಕೊಂಡ್ರು, ಅವರು ಮಾತಿಗೆ ಕೂತ್ರೆ ಒಂದು ಪದ ಹೇಳಿ ಅಲ್ಲಿವರೆಗಿನ ಗದ್ದಲ ಎಲ್ಲ ಮುಚ್ಚಿಸಿ ಎಲ್ಲರ ಗಮನ ತಮ್ಮ ಕಡೆ ಎಳ್ಕೊಳ್ಳೋರು. 1999ರಲ್ಲಿ ಪುಸ್ತಕ ಬಂದಾಗ ಇಂಗ್ಲಿಷಿನ ಮಹಾಕಾವ್ಯ ಶುರುವಾಗಿದ್ದು ಐರ್ಲೆಂಡಿನ ಆ ಹೊಲದ ಮನೆಯ "ಸೋ" ಇಂದ, ಅದರ ಪಕ್ಕ ಒಂದು ಪೂರ್ಣವಿರಾಮ. ಯಾರಾದ್ರೂ ಅದನ್ನ ಕನ್ನಡಕ್ಕೆ ತರೋದಾದ್ರೆ ನಾನಂತೂ "ಕೇಳಿರೈ" ಅಂತ ಬರೀಬೇಡಿ ಅಂತೀನಿ. ಅರಳಿಕಟ್ಟೆ ಮೇಲೆ ಹಿರೀಕರು ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು, ಗಂಟಲು ಸರಿ ಮಾಡ್ಕೊಂಡು ಶುರು ಮಾಡ್ತಾರಲ್ಲ, ಹಾಗೆ: "ಸರಿ."